ಹೊಳೆಯ ಗುಂಡಿ: ಕಂಡಷ್ಟೇ ಆಳವೇ?

ರಜೆ ಬಂದರೆ ನಾವೆಲ್ಲ ಹೊಳೆಗೆ ಓಡುತ್ತೇವೆ. ಆದರೆ ಹೊಳೆಯಲ್ಲಿ ಗುಂಡಿ ಹೇಗೆ ಆಯಿತು, ಅದು ಎಷ್ಟು ಆಳ ಉಂಟು ಎಂದು ಯಾರೂ ಕೇಳುವುದಿಲ್ಲ. ಕಳೆದ ಜನವರಿಯಲ್ಲಿ ನಮ್ಮ ತರಗತಿಯವರು ಮಾಸ್ತರ ಜೊತೆ ಕೂಡ್ಲು ತೀರ್ಥಕ್ಕೆ ನಡೆದು ಹೋಗಿದ್ದೆವು. ಅಲ್ಲಿ ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಸ್ಥಳ: ಕೂಡ್ಲು ತೀರ್ಥ ಉಡುಪಿ ಜಿಲ್ಲೆಯ ಹೆಬ್ರಿಯ ಕಡೆ, ಪಶ್ಚಿಮ ಘಟ್ಟದ ಕಾಡಿನೊಳಗೆ ಇದೆ. ಸೀತಾನದಿ ಇಲ್ಲಿ 100 ಅಡಿಗಿಂತ ಎತ್ತರದಿಂದ ಬೀಳುತ್ತದೆ. ಕೆಳಗೆ ದೊಡ್ಡ ಗುಂಡಿ. ಆ ನೀರು ಮುಂದೆ ಹರಿದು ಅರಬ್ಬೀ ಸಮುದ್ರ ಸೇರುತ್ತದೆ.

ದಾರಿ: ಕಾಡಿನಲ್ಲಿ ಬೈನೆ ಮರ, ಬೆತ್ತದ ಬಳ್ಳಿ ಕಂಡೆವು. ಚೇರು ಮರವನ್ನು ಮುಟ್ಟಬೇಡಿ ಎಂದು ಮಾಸ್ತರು ಹೇಳಿದರು. ಅದರ ಸೊನೆ ತಾಗಿದರೆ ಮೈ ತುರಿಸಿ ಹುಣ್ಣಾಗುತ್ತದೆ. ಮಳೆಗಾಲದಲ್ಲಾದರೆ ಉಂಬಳದ ಕಾಟವೂ ಉಂಟು.

ಗುಂಡಿ ಆಗುವುದು ಹೇಗೆ? ಮೇಲಿನಿಂದ ಬಿದ್ದ ನೀರು ಕಲ್ಲನ್ನು ಹೊಡೆಯುತ್ತದೆ. ಆದರೆ ಬರೀ ನೀರಿನಿಂದ ಬಂಡೆ ಬೇಗ ಸವೆಯುವುದಿಲ್ಲ. ಮಳೆಗಾಲದ ನೆರೆಯಲ್ಲಿ ಮರಳು, ಬೆಣಚುಕಲ್ಲು ಬರುತ್ತವೆ. ಅವು ಬಂಡೆಯ ಚಿಕ್ಕ ತಗ್ಗಿನಲ್ಲಿ ಸಿಕ್ಕಿ, ಸುಳಿಯ ಜೊತೆ ಗರಗರ ತಿರುಗುತ್ತವೆ. ಮನೆಯ ಕಡೆಯುವ ಕಲ್ಲಿನ ಹಾಗೆಯೇ. ಸಾವಿರಾರು ವರ್ಷ ಹೀಗೆ ಅರೆದು ಅರೆದು ತಗ್ಗು ಗುಂಡಿಯಾಗುತ್ತದೆ. ಹೊಳೆಯ ಬಂಡೆಯಲ್ಲಿ ಒರಳಿನಂಥ ದುಂಡು ಹೊಂಡ ಕಂಡರೆ ಒಳಗೆ ಕೈ ಹಾಕಿ ನೋಡಿ. ನುಣ್ಣನೆಯ ಕಲ್ಲು ಸಿಗಬಹುದು. ಅರೆದದ್ದು ಅದೇ!

ಆಳದ ಮೋಸ: ಬದಿಯ ಬಂಡೆಯಿಂದ ನೋಡಿದಾಗ ನೀರಿನ ಅಡಿಯ ಕಲ್ಲು ಸ್ಪಷ್ಟ ಕಾಣುತ್ತಿತ್ತು. "ಎದೆ ಮಟ್ಟ ಉಂಟು ಅಷ್ಟೆ ಮಾರಾಯ" ಎಂದ ನನ್ನ ಗೆಳೆಯ. ಮಾಸ್ತರು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದರು. ಅಳೆದರೆ 6 ಅಡಿ! ನನ್ನ ಎತ್ತರ 4 ಅಡಿ 8 ಇಂಚು. ಎಲ್ಲರೂ ಸುಮ್ಮನಾದೆವು.

ಕಾರಣ ಬೆಳಕಿನ ವಕ್ರೀಭವನ. ನೀರಿನಿಂದ ಗಾಳಿಗೆ ಬರುವಾಗ ಬೆಳಕಿನ ಕಿರಣ ಬಾಗುತ್ತದೆ. ಆದ್ದರಿಂದ ತಳ ಮೇಲೆ ಬಂದಂತೆ ಕಾಣುತ್ತದೆ. ನೇರ ಮೇಲಿನಿಂದ ನೋಡಿದರೆ ನಿಜವಾದ ಆಳದ ಸುಮಾರು ಮುಕ್ಕಾಲು ಭಾಗ ಮಾತ್ರ ಕಾಣುತ್ತದೆ, ಅಂದರೆ 8 ಅಡಿ ನೀರು 6 ಅಡಿಯಂತೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಮನೆಯಲ್ಲೇ ಪರೀಕ್ಷೆ ಮಾಡಿ: ಬಟ್ಟಲಿನ ತಳದಲ್ಲಿ ನಾಣ್ಯ ಇಟ್ಟು, ಅದು ಅಂಚಿನ ಮರೆಗೆ ಹೋಗುವವರೆಗೆ ಹಿಂದೆ ಸರಿಯಿರಿ. ಬೇರೆಯವರು ನಿಧಾನವಾಗಿ ನೀರು ಹಾಕಲಿ. ನಾಣ್ಯ ತಾನಾಗಿ ಕಾಣುತ್ತದೆ.

ಇನ್ನೂ ಮೂರು ಅಪಾಯ:

1. ಅಬ್ಬಿಯ ಬುಡದ ನೊರೆ ನೀರಿನಲ್ಲಿ ಗಾಳಿ ಬೆರೆತಿರುತ್ತದೆ. ಅದು ನಮ್ಮನ್ನು ಸರಿಯಾಗಿ ತೇಲಿಸುವುದಿಲ್ಲ. ಬೀಳುವ ನೀರು ಕೆಳಗೆ ಒತ್ತುತ್ತದೆ. ಈಜು ಬರುವವರೂ ಅಲ್ಲಿಗೆ ಹೋಗಬಾರದು.

2. ಮೇಲಿನ ನೀರು ಬೆಚ್ಚಗಿದ್ದರೂ ಅಡಿಯ ನೀರು ತಣ್ಣಗೆ ಇರುತ್ತದೆ, ಏಕೆಂದರೆ ತಣ್ಣೀರು ಭಾರ. ಒಮ್ಮೆಲೇ ಧುಮುಕಿದರೆ ಉಸಿರು ಕಟ್ಟಿದಂತಾಗುತ್ತದೆ. ಮೆಲ್ಲಗೆ ಇಳಿಯಬೇಕು.

3. ನಮ್ಮಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಬರಬಹುದು. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ ಬೀಳುತ್ತದೆ. ನೀರು ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ, ಸದ್ದು ಹೆಚ್ಚಾದರೆ, ತಡ ಮಾಡದೆ ಮೇಲೆ ಬರಬೇಕು. ಚಪ್ಪಲಿ ಬಿಟ್ಟುಹೋಯಿತೆಂದು ತಿರುಗಿ ಹೋಗಬಾರದು.

ಯಾರಾದರೂ ಮುಳುಗಿದರೆ? ನಾವು ಹಾರಬಾರದು. ಮುಳುಗುವವನು ಗಾಬರಿಯಲ್ಲಿ ನಮ್ಮನ್ನೂ ಅಪ್ಪಿ ಹಿಡಿಯುತ್ತಾನೆ. ಆಗ ಒಬ್ಬನಲ್ಲ, ಇಬ್ಬರು ಹೋಗುತ್ತೇವೆ. ದೊಡ್ಡವರನ್ನು ಕೂಗಿ ಕರೆಯಬೇಕು. ದಡದಲ್ಲಿ ಮಲಗಿ ಉದ್ದದ ಕೋಲು, ಹಗ್ಗ ಅಥವಾ ಪಂಚೆ ಚಾಚಬೇಕು. ಖಾಲಿ ಕ್ಯಾನು, ಈಜು ಕಲಿಯಲು ಕಟ್ಟುವ ಒಣ ತೆಂಗಿನಕಾಯಿ ಎಸೆದರೂ ಅವನು ಹಿಡಿದು ತೇಲಬಹುದು.

ಹೊಳೆಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಯಾರೂ ಕೇಳಲಿಕ್ಕಿಲ್ಲ! ದೊಡ್ಡವರ ಜೊತೆ ಹೋಗಿ, ಒಂದು ಹಗ್ಗ ತೆಗೆದುಕೊಂಡು ಹೋಗಿ, ಮೊದಲು ಆಳ ಅಳೆಯಿರಿ. ನಿಮ್ಮ ಮನೆ ಹತ್ತಿರದ ಗುಂಡಿ ನೋಡಲು ಎಷ್ಟು ಆಳ, ಅಳೆದರೆ ಎಷ್ಟು ಎಂದು ಚೀಟಿಯಲ್ಲಿ ಬರೆದು ಕೊಡಿ. ಮುಂದಿನ ತಿಂಗಳ ಗೋಡೆ ಪತ್ರಿಕೆಯಲ್ಲಿ ಪಟ್ಟಿ ಮಾಡಿ ಹಾಕೋಣ.