ತಂದೆಯ ಹೆಸರಿನ ಕಾಲಂ: ಜನನ ಮರಣ ನೋಂದಣಿ ಕುರಿತ ಎರಡು ಪಾಠಗಳು

ಹಿನ್ನೆಲೆ

ಬೋಧನಾಭ್ಯಾಸಕ್ಕಾಗಿ ನನ್ನನ್ನು ಒಂದು ಸರ್ಕಾರಿ ಪ್ರೌಢಶಾಲೆಗೆ ನಿಯೋಜಿಸಿದ್ದರು. ನನ್ನ ವಿಷಯ ಗಣಿತ, ಘಟಕ ಒಂಬತ್ತನೇ ತರಗತಿಯ ಸಂಖ್ಯಾಶಾಸ್ತ್ರ. ಪಠ್ಯಪುಸ್ತಕದಲ್ಲಿ 40 ವಿದ್ಯಾರ್ಥಿಗಳು ಹುಟ್ಟಿದ ತಿಂಗಳುಗಳನ್ನು ತೋರಿಸುವ ಸ್ತಂಭಾಲೇಖದ ಉದಾಹರಣೆ ಇತ್ತು. ಪುಸ್ತಕದ ಅಂಕಿಗಳಿಗಿಂತ ಮಕ್ಕಳೇ ಸಂಗ್ರಹಿಸಿದ ಅಂಕಿಗಳು ಪಾಠಕ್ಕೆ ಜೀವ ತರುತ್ತವೆ ಎಂದು ಪಾಠ ಯೋಜನೆಯಲ್ಲಿ ಬರೆದೆ. ‘ಎ’ ವಿಭಾಗದ ಮಕ್ಕಳಿಗೆ, "ನಾಳೆ ಎಲ್ಲರೂ ನಿಮ್ಮ ಜನನ ಪ್ರಮಾಣಪತ್ರದ ಜೆರಾಕ್ಸ್ ತನ್ನಿ. ಮನೆಯ ದೊಡ್ಡವರ ಹುಟ್ಟಿದ ದಿನಾಂಕವನ್ನು ಆಧಾರ್ ಕಾರ್ಡ್ ನೋಡಿ ಬರೆದುಕೊಂಡು ಬನ್ನಿ" ಎಂದು ಹೇಳಿದೆ. ಆ ಒಂದು ಸೂಚನೆಯಲ್ಲಿದ್ದ ತಪ್ಪು ತಿಳಿಯಲು ನನಗೆ ನಾಲ್ಕು ದಿನ ಬೇಕಾಯಿತು.

ಮೊದಲ ಪಾಠ

ಪಾಠವೇನೋ ಚೆನ್ನಾಗಿಯೇ ನಡೆಯಿತು. ತಾಳೆ ಗುರುತು ಹಾಕಿ, ಆವೃತ್ತಿ ಪಟ್ಟಿ ಮಾಡಿ, ಮಕ್ಕಳು ಎರಡು ಸ್ತಂಭಾಲೇಖ ಬರೆದರು. ಮಕ್ಕಳ ಆಲೇಖದಲ್ಲಿ ಕಂಬಗಳು ಹೆಚ್ಚು ಕಡಿಮೆ ಹರಡಿಕೊಂಡಿದ್ದವು. ದೊಡ್ಡವರ ಆಲೇಖದಲ್ಲಿ ಮಾತ್ರ ಜೂನ್ ಮತ್ತು ಜನವರಿ ಕಂಬಗಳು ಉಳಿದೆಲ್ಲವನ್ನೂ ಮೀರಿ ನಿಂತವು.

"ನಮ್ಮಪ್ಪಂದು ಜೂನ್ ಒಂದು ಮಿಸ್. ಆದ್ರೆ ಅಜ್ಜಿ ಹೇಳೋದು ದೀಪಾವಳಿ ಅಮಾವಾಸ್ಯೆ ಮಾರನೇ ದಿನ ಹುಟ್ಟಿದ್ದು ಅಂತ" ಎಂದಳು ಒಬ್ಬಳು ಹುಡುಗಿ.

ಕಾರಣ ನಮಗೆಲ್ಲ ಗೊತ್ತಿರುವುದೇ. ಹುಟ್ಟಿದ ದಿನ ಬರೆದಿಟ್ಟಿರದ ಮಗುವನ್ನು ಶಾಲೆಗೆ ಸೇರಿಸುವಾಗ ಮೇಷ್ಟರು ಜೂನ್ 1 ಎಂದು ಬರೆಯುತ್ತಿದ್ದರು. ವರ್ಷ ಮಾತ್ರ ಹೇಳಬಲ್ಲವರಿಗೆ ಆಧಾರ್ ನೋಂದಣಿಯಲ್ಲಿ ಜನವರಿ 1 ಬಿತ್ತು. ನೋಂದಣಿ ಇಲ್ಲದಿದ್ದರೆ ಅಂಕಿಅಂಶ ಹೇಗೆ ಸುಳ್ಳಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗುತ್ತಿರಲಿಲ್ಲ. ವೀಕ್ಷಣೆಗೆ ಬಂದ ಸಹಪಾಠಿಗಳು ಪಾಠವನ್ನು ಮೆಚ್ಚಿ ಬರೆದರು.

ನಾನು ಎಡವಿದ್ದು

ಒಬ್ಬ ಹುಡುಗ ಪ್ರಮಾಣಪತ್ರ ತಂದಿರಲಿಲ್ಲ. "ಮರೆತೆ ಮಿಸ್" ಎಂದ. ಎರಡನೇ ದಿನವೂ ಅದೇ ಉತ್ತರ. ಎಲ್ಲರ ಮುಂದೆ ಎದ್ದು ನಿಲ್ಲಿಸಿದೆ. ಮೂರನೇ ದಿನ ಅವನು ಶಾಲೆಗೆ ಬರಲಿಲ್ಲ. ನಾಲ್ಕನೇ ದಿನ ಅವನ ತಾಯಿ ಬಂದರು. ಪ್ಲಾಸ್ಟಿಕ್ ಕವರಿನಿಂದ ಮಡಚಿಟ್ಟ ಕಾಗದ ತೆಗೆದು, ಸಿಬ್ಬಂದಿ ಕೊಠಡಿಯಲ್ಲಿ ಬೇರೆ ಯಾರಿಲ್ಲ ಎಂದು ನೋಡಿಕೊಂಡು ಕೇಳಿದರು: "ಮೇಡಂ, ಇದ್ರಲ್ಲಿ ಅವರಪ್ಪನ ಹೆಸ್ರಿಲ್ಲ. ನಮಗೆ ಮದುವೆ ಆಗಿರ್ಲಿಲ್ಲ. ಇದು ನಡೆಯುತ್ತಾ? ಮುಂದೆ ಎಲ್ಲಾದ್ರೂ ಅವರಪ್ಪನ್ನ ಕರ್ಕೊಂಡು ಬನ್ನಿ ಅಂತಾರಾ?"

ನನಗೆ ಉತ್ತರ ಗೊತ್ತಿರಲಿಲ್ಲ. ನಡೆಯುತ್ತೆ ಬಿಡಿ ಎಂದು ಸಮಾಧಾನ ಹೇಳಲು ಹೊರಟೆ. ಪಕ್ಕದಲ್ಲಿದ್ದ ಮಾರ್ಗದರ್ಶಕ ಶಿಕ್ಷಕರು ತಡೆದರು: "ನೋಡಮ್ಮ, ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳಬೇಡ. ಎರಡು ದಿನ ತಗೋ, ಓದಿ ಹೇಳು."

ಓದಿ ತಿಳಿದದ್ದು

ನಮ್ಮಲ್ಲಿ ಜಾರಿಯಲ್ಲಿರುವುದು 1969ರ ಜನನ ಮರಣ ನೋಂದಣಿ ಅಧಿನಿಯಮ. ಇದಕ್ಕೆ 2023ರಲ್ಲಿ ತಿದ್ದುಪಡಿಯಾಗಿ, ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಶಿಕ್ಷಕರಿಗೆ ಬೇಕಾಗುವ ಅಂಶಗಳು ಇವು.

ಘಟನೆ ಎಲ್ಲಿ ನಡೆಯಿತೋ ಅಲ್ಲಿಯೇ ನೋಂದಣಿ. ಚೊಚ್ಚಲ ಹೆರಿಗೆ ತವರೂರಿನಲ್ಲಿ ಆಗಿದ್ದರೆ ದಾಖಲೆ ಇರುವುದು ಅಲ್ಲಿನ ಕಚೇರಿಯಲ್ಲಿ. ಆಸ್ಪತ್ರೆಯಲ್ಲಾದರೆ ವರದಿ ಕೊಡುವ ಹೊಣೆ ಅಲ್ಲಿನ ವೈದ್ಯಾಧಿಕಾರಿಯದು, ಮನೆಯಲ್ಲಾದರೆ ಮನೆಯ ಯಜಮಾನರದು.

ಅವಧಿ 21 ದಿನ. ಅದು ದಾಟಿ 30 ದಿನದೊಳಗೆ ತಡವಾದ ಶುಲ್ಕ ಕಟ್ಟಬೇಕು. ಒಂದು ವರ್ಷದೊಳಗಾದರೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ಒಂದು ವರ್ಷ ದಾಟಿದರೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ತಿದ್ದುಪಡಿಯ ನಂತರ ಜಿಲ್ಲಾ ಅಥವಾ ಉಪವಿಭಾಗೀಯ ದಂಡಾಧಿಕಾರಿ, ಇಲ್ಲವೇ ಜಿಲ್ಲಾ ದಂಡಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿ ಪರಿಶೀಲಿಸಿ ಆದೇಶ ನೀಡುತ್ತಾರೆ. ಮಗುವಿಗೆ ಹೆಸರಿಡುವ ಮೊದಲೇ ನೋಂದಾಯಿಸಿ, ಹೆಸರನ್ನು ಆಮೇಲೆ ಸೇರಿಸಬಹುದು.

ಮರಣಕ್ಕೂ 21 ದಿನದ ಅವಧಿಯೇ. ಆಸ್ಪತ್ರೆಯಲ್ಲಿ ಸಾವಾದರೆ ಕಾರಣದ ವೈದ್ಯಕೀಯ ಪ್ರಮಾಣಪತ್ರವನ್ನು ಆಸ್ಪತ್ರೆ ಉಚಿತವಾಗಿ ನೋಂದಣಾಧಿಕಾರಿಗೆ ಕಳುಹಿಸಿ, ಹತ್ತಿರದ ಸಂಬಂಧಿಗೂ ಒಂದು ಪ್ರತಿ ಕೊಡಬೇಕು.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ದಾಖಲಾತಿ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಪಾಸ್‌ಪೋರ್ಟ್, ಆಧಾರ್ ಮುಂತಾದವುಗಳಿಗೆ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಜನನ ಪ್ರಮಾಣಪತ್ರ. ಜೂನ್ 1ರ ಕಂಬ ಇನ್ನು ಮುಂದೆ ಎತ್ತರವಾಗಬಾರದು.

ಇನ್ನು ಆ ತಾಯಿಯ ಪ್ರಶ್ನೆ. 2015ರ ಜುಲೈ 6ರಂದು ಸುಪ್ರೀಂ ಕೋರ್ಟ್, ಹೆಸರು ಗುಟ್ಟಾಗಿಟ್ಟು ‘ಎಬಿಸಿ’ ಎಂದು ಮಾತ್ರ ಕರೆದ ಒಬ್ಬ ಅವಿವಾಹಿತ ತಾಯಿಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ತಂದೆಯ ಹೆಸರು ಬಹಿರಂಗಪಡಿಸದೆ, ಅವನಿಗೆ ನೋಟಿಸ್ ಕೊಡದೆಯೂ ಆಕೆ ಪೋಷಕತ್ವಕ್ಕೆ ಅರ್ಜಿ ಹಾಕಬಹುದು ಎಂದಿತು. ಒಂಟಿ ಪೋಷಕರು ಅಥವಾ ಅವಿವಾಹಿತ ತಾಯಿ ತನ್ನ ಒಡಲಲ್ಲಿ ಹುಟ್ಟಿದ ಮಗುವಿಗೆ ಜನನ ಪ್ರಮಾಣಪತ್ರ ಕೇಳಿದರೆ ಅಧಿಕಾರಿಗಳು ಒಂದು ಅಫಿಡವಿಟ್ ಮಾತ್ರ ಕೇಳಬಹುದು. ನ್ಯಾಯಾಲಯದ ಬೇರೆ ಆದೇಶ ಇಲ್ಲದಿದ್ದರೆ ಪ್ರಮಾಣಪತ್ರ ಕೊಡಲೇಬೇಕು. 2023ರ ತಿದ್ದುಪಡಿ, ಮಾಹಿತಿ ಕೊಡುವವರ ಪಟ್ಟಿಯಲ್ಲಿ ಅವಿವಾಹಿತ ತಾಯಿಯನ್ನೂ ಒಂಟಿ ಪೋಷಕರನ್ನೂ ಹೆಸರಿಸಿ ಸೇರಿಸಿತು.

ಹಾಗಾದರೆ ಮದುವೆಯಾಗದ ತಂದೆಗೆ ಹಕ್ಕೇ ಇಲ್ಲವೇ? ಇದೆ, ಆದರೆ ತಾಯಿಯ ನಂತರ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮದ 6ನೇ ಪ್ರಕರಣದಂತೆ, ವಿವಾಹದ ಹೊರಗೆ ಹುಟ್ಟಿದ ಮಗುವಿಗೆ ಮೊದಲ ಸಹಜ ಪೋಷಕಿ ತಾಯಿ, ಆಕೆಯ ನಂತರ ತಂದೆ. ಮಗುವಿನ ಹೊಣೆ ಹೊರಲು ನಿಜವಾಗಿ ಬಯಸುವ ತಂದೆ 1890ರ ಪೋಷಕರು ಮತ್ತು ಪಾಲ್ಯರ ಅಧಿನಿಯಮದಡಿ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿ ತೂಗಿ ನೋಡುವುದು ಮಗುವಿನ ಹಿತವನ್ನು. ಹೊಣೆಯೂ ಇದೆ: ಮದುವೆ ಆಗಿರಲಿ, ಆಗದಿರಲಿ, ತನ್ನನ್ನು ತಾನು ನೋಡಿಕೊಳ್ಳಲಾಗದ ಮಗುವಿಗೆ ಜೀವನಾಂಶ ಕೊಡುವಂತೆ ಶಕ್ತಿಯಿರುವ ತಂದೆಗೆ ನ್ಯಾಯಾಲಯ ಆದೇಶಿಸಬಹುದು. ಈ ನಿಯಮ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಪ್ರಕರಣದಲ್ಲಿದೆ.

ಹೋಲಿಕೆಗಾಗಿ ಇಂಗ್ಲೆಂಡಿನ ಕಾನೂನನ್ನೂ ನೋಡಿದೆ. ಅಲ್ಲಿ ಅವಿವಾಹಿತ ತಂದೆ ಒಬ್ಬನೇ ಹೋಗಿ ತನ್ನ ಹೆಸರು ಬರೆಸಲಾರ; ತಾಯಿಯೂ ಒಪ್ಪಿ ಜೊತೆಗೆ ಬರಬೇಕು, ಇಲ್ಲವೇ ಘೋಷಣಾ ಪತ್ರ ಅಥವಾ ನ್ಯಾಯಾಲಯದ ಆದೇಶ ಇರಬೇಕು. ಆದರೆ 2003ರ ಡಿಸೆಂಬರ್ 1ರಿಂದ, ಹೀಗೆ ಹೆಸರು ಬರೆಸಿದ ತಂದೆಗೆ ತಾಯಿಯ ಜೊತೆಗೇ ಪೋಷಕ ಹೊಣೆಗಾರಿಕೆ ಸಿಗುತ್ತದೆ. ನಮ್ಮಲ್ಲಿ ಪೋಷಕತ್ವದ ಪ್ರಶ್ನೆಯನ್ನು ಬೇರೆ ಕಾನೂನುಗಳು ನೋಡಿಕೊಳ್ಳುತ್ತವೆ.

ಎರಡು ದಿನದ ನಂತರ ಆ ತಾಯಿಗೆ ಇದನ್ನು ಸರಳವಾಗಿ ಹೇಳಿದೆ. ಅವರು ಪ್ರಮಾಣಪತ್ರವನ್ನು ಮತ್ತೊಮ್ಮೆ ಬಿಡಿಸಿ ನೋಡಿ, "ಹಾಗಾದ್ರೆ ಇದು ಪೂರ್ತಿ ಇರೋ ಕಾಗದಾನೇ" ಎಂದರು. ಹುಡುಗನನ್ನು ಬೇರೆಯಾಗಿ ಕರೆದು, ಎದ್ದು ನಿಲ್ಲಿಸಿದ್ದು ನನ್ನ ತಪ್ಪು ಎಂದೆ. ಅವನು ತಲೆಯಾಡಿಸಿ, ತನ್ನ ಸ್ತಂಭಾಲೇಖ ಬರೆಯಲು ಗ್ರಾಫ್ ಹಾಳೆ ಕೇಳಿದ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಇದನ್ನು ಬರೆಯುತ್ತಿದ್ದೇನೆ.

ಎರಡನೇ ಪಾಠ

‘ಬಿ’ ವಿಭಾಗಕ್ಕೆ ಯೋಜನೆ ಬದಲಿಸಿದೆ. ಯಾರೂ ಮನೆಯಿಂದ ಏನನ್ನೂ ತರಬೇಕಿರಲಿಲ್ಲ.

ತೊಡಗಿಸಿಕೊಳ್ಳುವಿಕೆ: ಊರು, ಹೆಸರು ಇಲ್ಲದ ಜೂನ್–ಜನವರಿ ಸ್ತಂಭಾಲೇಖ ತೋರಿಸಿ, "ಇಷ್ಟೊಂದು ಜನ ಒಂದೇ ದಿನ ಹುಟ್ಟಿದರೇ?" ಎಂದು ಕೇಳಿದೆ.

ಅನ್ವೇಷಣೆ: ಗುಂಪಿಗೊಂದು ಖಾಲಿ ನಮೂನೆ 1 ಮತ್ತು ಒಂದು ಕಲ್ಪಿತ ಸನ್ನಿವೇಶದ ಚೀಟಿ ಕೊಟ್ಟೆ. ಆಸ್ಪತ್ರೆಯ ಹೆರಿಗೆ, ಮನೆಯ ಹೆರಿಗೆ, ಓಡುವ ಬಸ್ಸಿನ ಹೆರಿಗೆ, ಯಾರೋ ಬಿಟ್ಟುಹೋದ ಶಿಶು, ಒಂಟಿ ತಾಯಿಯ ಮಗು. ಯಾರು ವರದಿ ಕೊಡಬೇಕು ಎಂದು ಗುಂಪು ನಿರ್ಧರಿಸಬೇಕು.

ವಿವರಣೆ: ಬಸ್ಸಿನದಾದರೆ ವಾಹನದ ಉಸ್ತುವಾರಿ ಹೊತ್ತವರು, ಮೊದಲು ನಿಲ್ಲುವ ಸ್ಥಳದಲ್ಲಿ ವರದಿಗೆ ವ್ಯವಸ್ಥೆ ಮಾಡಬೇಕು ಎಂದಾಗ ಮಕ್ಕಳಿಗೆ ಖುಷಿ. ಒಂಟಿ ತಾಯಿಯ ಚೀಟಿ ಸಿಕ್ಕ ಗುಂಪಿನಿಂದ ಪ್ರಶ್ನೆ ಬಂತು: "ಅಪ್ಪನ ಕಾಲಂ ಖಾಲಿ ಬಿಟ್ರೆ ಅರ್ಜಿ ವಾಪಸ್ ಬರುತ್ತಾ ಮಿಸ್?" ಈ ಸಲ ನನ್ನ ಹತ್ತಿರ ಉತ್ತರವಿತ್ತು.

ವಿಸ್ತರಣೆ: ನಮೂನೆ 1ರಲ್ಲಿ ಕಾನೂನಿನ ಭಾಗ, ಅಂಕಿಅಂಶದ ಭಾಗ ಎಂದು ಎರಡಿವೆ. ತಾಯಿಯ ವಯಸ್ಸು, ಶಿಕ್ಷಣ, ಮಗುವಿನ ತೂಕ ಮುಂತಾದವು ಎರಡನೆಯದರಲ್ಲಿ. ಕಲ್ಪಿತ ಚೀಟಿಗಳ ತೂಕಗಳಿಂದ ಮಕ್ಕಳು ಆವೃತ್ತಿ ಪಟ್ಟಿ ಮಾಡಿದರು.

ಮೌಲ್ಯಮಾಪನ: ಮಗು ಹುಟ್ಟಿ 25 ದಿನವಾಗಿದೆ, 5 ತಿಂಗಳಾಗಿದೆ, 2 ವರ್ಷವಾಗಿದೆ, ಒಂದೊಂದಕ್ಕೂ ಏನು ಮಾಡಬೇಕು?

ಸಹ ಪ್ರಶಿಕ್ಷಣಾರ್ಥಿಗಳಿಗೆ

ಮಕ್ಕಳ ಮನೆಯ ಅಂಕಿಅಂಶ ಕೇಳುವ ಮುನ್ನ, ತರಗತಿಯಲ್ಲಿ ಯಾವ ಮಗುವಿಗೆ ಈ ಪ್ರಶ್ನೆ ಭಾರವಾಗಬಹುದು ಎಂದು ಯೋಚಿಸಿ. ತಿಂಗಳು ಸಾಕಾಗಿದ್ದಲ್ಲಿ ನಾನು ಇಡೀ ಪ್ರಮಾಣಪತ್ರ ಕೇಳಿದ್ದೆ. ಪ್ರಮಾಣಪತ್ರ ನೋಡಲೇಬೇಕಾದ ದಾಖಲಾತಿಯ ಸಮಯದಲ್ಲಿ ಖಾಲಿ ಕಾಲಂ ಕಂಡರೆ, ಸಾಲಿನಲ್ಲಿ ನಿಂತವರ ಎದುರು ಅದರ ಬಗ್ಗೆ ಕೇಳಬೇಡಿ. ಪೋಷಕರು ಕಾನೂನಿನ ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿಲ್ಲದಿದ್ದರೆ ಎರಡು ದಿನ ಕೇಳಿ ತೆಗೆದುಕೊಳ್ಳಿ. ನನ್ನ ಪಾಠ ಯೋಜನೆಯ ‘ಬೋಧನೋಪಕರಣ’ ಕಾಲಂನಲ್ಲಿ ಈಗ ‘ವಿದ್ಯಾರ್ಥಿಗಳ ಜನನ ಪ್ರಮಾಣಪತ್ರ’ ಎಂಬುದನ್ನು ಹೊಡೆದುಹಾಕಿ, ‘ಖಾಲಿ ನಮೂನೆ 1, ಗುಂಪಿಗೊಂದು’ ಎಂದು ಬರೆದಿದ್ದೇನೆ.