ಆಪರೇಷನ್ನಿಗೆ ಮೊದಲು ಉಸಿರು

ತೂಕ ಇಳಿಸುವ ಆಪರೇಷನ್ ಮುಂದಕ್ಕೆ ಹೋಯಿತು ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಸರ್ಜನ್ ಒಪ್ಪಿದ್ದಾರೆ, ಆದರೆ ಶ್ವಾಸಕೋಶದ ಡಾಕ್ಟರೂ ಅರಿವಳಿಕೆ ಡಾಕ್ಟರೂ 'ಮೊದಲು ಉಸಿರಾಟ ಸರಿಮಾಡಿಕೊಂಡು ಬನ್ನಿ, ಎರಡು ತಿಂಗಳು ಬಿಟ್ಟು ನೋಡೋಣ' ಅಂದರಂತೆ. ಅವತ್ತಿನಿಂದ ನೀನು ಮಂಕಾಗಿ ಕೂತಿದ್ದೀಯಂತೆ. ಮಗಾ, ಅವರು ನಿನ್ನನ್ನು ಬೇಡ ಅಂದಿಲ್ಲ. ಆಪರೇಷನ್ನಿನ ಮೊದಲ ಭಾಗವನ್ನು ನಿನ್ನ ಕೈಗೇ ಕೊಟ್ಟು ಕಳಿಸಿದ್ದಾರೆ. ವಾರ್ಡುಗಳಲ್ಲಿ ರೋಗಿಗಳಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡುತ್ತಲೇ ತಲೆ ಹಣ್ಣಾದವಳು ನಾನು. ಇದನ್ನು ಬರೀ ಸಮಾಧಾನಕ್ಕೆ ಹೇಳುತ್ತಿಲ್ಲ.

ನಮ್ಮ ದೇಶದವರಿಗೆ ಬಿಎಂಐ 37.5 ದಾಟಿದರೆ, ಸಕ್ಕರೆ ಕಾಯಿಲೆಯಂಥದ್ದು ಜೊತೆಗಿದ್ದರೆ 32.5 ದಾಟಿದರೂ, ಈ ಆಪರೇಷನ್ ಬಗ್ಗೆ ಯೋಚಿಸಬಹುದು ಎಂಬುದು ಡಾಕ್ಟರುಗಳು ಬಹುಕಾಲ ಪಾಲಿಸಿಕೊಂಡು ಬಂದ ಲೆಕ್ಕ. ಅಲ್ಲಿ ನೀನು ಪಾಸಾಗಿದ್ದೀಯ. ಉಳಿದಿರುವುದು ಅರಿವಳಿಕೆ ತಡೆದುಕೊಳ್ಳುವ ಶಕ್ತಿ.

ಅವರಿಗೆ ಯಾಕೆ ಅಂಜಿಕೆ ಅಂತ ತಿಳಿದುಕೊ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯು ಇದೆ. ಅದು ಕೆಳಗಿಳಿದಾಗಲೇ ಶ್ವಾಸಕೋಶ ಹಿಗ್ಗುವುದು. ಹೊಟ್ಟೆಯ ಬೊಜ್ಜು ಅದನ್ನು ಮೇಲಕ್ಕೆ ಒತ್ತುತ್ತದೆ, ಅಂಗಾತ ಮಲಗಿದರಂತೂ ಇನ್ನೂ ಹೆಚ್ಚು. ಟೇಬಲ್ಲಿನ ಮೇಲೆ ಅರಿವಳಿಕೆಯಿಂದ ಸ್ನಾಯುಗಳೆಲ್ಲ ಸಡಿಲ. ಸಾಲದ್ದಕ್ಕೆ, ಲ್ಯಾಪರೋಸ್ಕೋಪಿಗೆ ಜಾಗವಾಗಲಿ ಅಂತ ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಆಗ ಶ್ವಾಸಕೋಶದ ತಳದ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ. ಎಚ್ಚರವಾದ ಮೇಲೆ ನೋವಿಗೆ ಹೆದರಿ ಕೆಮ್ಮದೆ, ಮೇಲೆಮೇಲೆ ಉಸಿರಾಡುತ್ತಾ ಮಲಗಿಬಿಟ್ಟರೆ ಕಫ ಅಲ್ಲೇ ನಿಂತು ನ್ಯುಮೋನಿಯಾಕ್ಕೆ ದಾರಿ.

ಇನ್ನೊಂದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಜಿಮ್ಮಿನಲ್ಲಿ ತೋಳು ಬೆಳೆದ ಹಾಗೆ ಶ್ವಾಸಕೋಶ ಬೆಳೆಯುವುದಿಲ್ಲ. ಈ ವಾರಗಳಲ್ಲಿ ವಪೆಯ ಮೇಲಿನ ಭಾರ ತಗ್ಗುತ್ತದೆ, ಉಸಿರೆಳೆಯುವ ಸ್ನಾಯುಗಳಿಗೆ ಕಸುವು ಬರುತ್ತದೆ, ಶ್ವಾಸನಾಳ ಶುಚಿಯಾಗುತ್ತದೆ. ಇರುವ ಶ್ವಾಸಕೋಶವೇ ಹೆಚ್ಚು ದುಡಿಯುತ್ತದೆ. ಅಷ್ಟು ಸಾಕು.

ಆಫೀಸಿನ ಹೊರಗೆ ಟೀ ಜೊತೆ ಹಚ್ಚುವ ಸಿಗರೇಟು ಇವತ್ತೇ ನಿಲ್ಲಬೇಕು. ಆಪರೇಷನ್ನಿಗೆ ಆರೆಂಟು ವಾರ ಮುಂಚೆ ಬಿಟ್ಟವರ ಎದೆ ಎಷ್ಟೋ ಚೊಕ್ಕವಾಗಿರುತ್ತದೆ. ಬಿಟ್ಟ ಹೊಸದರಲ್ಲಿ ಕೆಮ್ಮು, ಕಫ ಹೆಚ್ಚಾಗಬಹುದು. ಎದೆ ತನ್ನನ್ನು ತಾನು ತೊಳೆದುಕೊಳ್ಳುತ್ತಿದೆ ಅಂತ ತಿಳಿ, ಹೆದರಿ ಮತ್ತೆ ಹಚ್ಚಬೇಡ. ಜಠರದ ಬೈಪಾಸ್ ಮಾಡಿಸಿಕೊಂಡ ಮೇಲೂ ಸೇದಿದರೆ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗಬಹುದು. ಒಬ್ಬನಿಂದಲೇ ಆಗದಿದ್ದರೆ ಪ್ಯಾಕಿನ ಮೇಲೆ ಅಚ್ಚಾಗಿರುವ 1800-11-2356ಕ್ಕೆ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಗೊರಕೆ. ನೀನು ಇದನ್ನು ಡಾಕ್ಟರ ಹತ್ತಿರ ತಮಾಷೆ ಮಾಡಿ ಹಾರಿಸಿಬಿಟ್ಟೆಯಂತೆ. ನಿನ್ನ ಗೊರಕೆ ಇದ್ದಕ್ಕಿದ್ದಂತೆ ನಿಂತು, ಮನೆಯೆಲ್ಲ ಸದ್ದಡಗಿ, ಆಮೇಲೆ ನೀನು ಗಕ್ಕನೆ ಉಸಿರೆಳೆದುಕೊಳ್ಳುವುದನ್ನು ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಾಳೆ. ಅದು ಸ್ಲೀಪ್ ಅಪ್ನಿಯಾ ಇರಬಹುದು. ಗಂಟಲು ಮುಚ್ಚಿ ರಕ್ತದ ಆಮ್ಲಜನಕ ಇಳಿಯುವ ಕಾಯಿಲೆ ಅದು. ಆಪರೇಷನ್ ಮುಗಿದ ರಾತ್ರಿ ನೋವಿನ ಔಷಧಿಯ ಮಂಪರಿನಲ್ಲಿ ಅದೇ ಗಂಟಲು ಇನ್ನಷ್ಟು ಸಡಿಲವಾಗುತ್ತದೆ. ಸ್ಲೀಪ್ ಸ್ಟಡಿ ಮಾಡಿಸು. ಗಂಟಲು ಮುಚ್ಚದಂತೆ ಗಾಳಿ ತಳ್ಳುವ ಸಿಪ್ಯಾಪ್ ಮಷೀನು ಬರೆದುಕೊಟ್ಟರೆ ಅದರ ಮಾಸ್ಕನ್ನು ದಿನಾ ರಾತ್ರಿ ಮುಖಕ್ಕೆ ಕಟ್ಟಿಕೊ. ಮೊದಮೊದಲು ಮಾಸ್ಕ್ ಕಿರಿಕಿರಿ. ಟಿವಿ ನೋಡುವಾಗ ಹಾಕಿಕೊಂಡು ಅಭ್ಯಾಸ ಮಾಡಿಕೊಂಡವರು ಬೇಗ ಹೊಂದಿಕೊಳ್ಳುತ್ತಾರೆ. ನಿನಗಿನ್ನೂ ಮದುವೆಯಾಗಬೇಕು ಅಂತ ಇದನ್ನು ಮುಚ್ಚಿಡಬೇಡ ಕಣೋ, ಮೊದಲು ನೀನು ಬದುಕಿರಬೇಕು.

ಉಸಿರಾಟದ ವ್ಯಾಯಾಮಕ್ಕೆ ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟಿರುತ್ತಾರೆ. ಇದನ್ನು ಹಿಡಿದ ಬಹಳ ಜನ ಮೊದಲು ಮಾಡುವ ಕೆಲಸ ಊದುವುದು. ಇದು ಊದುವುದಲ್ಲ, ಎಳೆಯುವುದು. ಬೆನ್ನು ನೆಟ್ಟಗೆ ಮಾಡಿ ಕೂತು, ಉಸಿರು ಹೊರಬಿಟ್ಟು, ನಳಿಗೆಯನ್ನು ತುಟಿಯಿಂದ ಬಿಗಿಯಾಗಿ ಮುಚ್ಚಿ ನಿಧಾನವಾಗಿ ಎಳೆ. ಗೂಡುಗಳ ಮೇಲೆ 600, 900, 1200 ಅಂತ ಬರೆದಿರುತ್ತದೆ, ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಗಾಳಿ ಒಳಗೆ ಹೋಗುತ್ತಿದೆ ಅನ್ನುವ ಲೆಕ್ಕ. ಹುರುಪಿನಲ್ಲಿ ಒಂದೇ ಸಲ ಜಗ್ಗಿದರೆ ಮೂರೂ ಚೆಂಡು ಟಪ್ಪೆಂದು ಹಾರಿ ಬೀಳುತ್ತವೆ, ಶ್ವಾಸಕೋಶದ ತಳಕ್ಕೆ ಗಾಳಿಯೇ ಮುಟ್ಟಿರುವುದಿಲ್ಲ. ಮೊದಲ ಚೆಂಡು ಮೇಲೇ ನಿಂತಿರಲಿ, ಎರಡನೆಯದು ಏಳಲಿ, ಮೂರನೆಯದರ ಆಸೆ ಬಿಡು. ಪಕ್ಕೆಲುಬು ಅಗಲವಾಗುವುದು ಕೈಗೆ ಗೊತ್ತಾಗಬೇಕು. ಮೂರು ಸೆಕೆಂಡು ಉಸಿರು ಹಿಡಿದು ಮೆಲ್ಲಗೆ ಬಿಡು. ಸಲಕ್ಕೆ ಹತ್ತು ಉಸಿರು, ನಡುನಡುವೆ ವಿರಾಮ. ತಲೆ ತಿರುಗಿದರೆ ನಿಲ್ಲಿಸು. ಆದರೆ ಈ ಡಬ್ಬಿಯೊಂದನ್ನೇ ನಂಬಿ ಕೂತರೆ ಹೆಚ್ಚೇನೂ ಲಾಭವಿಲ್ಲ. ಅನುಲೋಮ ವಿಲೋಮ ಮಾಡುತ್ತೀಯಾದರೆ ಮಾಡು. ಬಿಪಿ ಇರುವ ನಿನಗೆ ರಭಸದ ಕಪಾಲಭಾತಿ ಬೇಡ.

ನಿಜವಾದ ಕೆಲಸ ನಡಿಗೆಯದು. ಮೊದಲ ವಾರ ಸಮತಟ್ಟಾದ ಕಡೆ ಹತ್ತು ನಿಮಿಷ, ಬೆಳಿಗ್ಗೆ ಸಂಜೆ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು, ಆ ವೇಗ ಸರಿ. ವಾರವಾರಕ್ಕೆ ಐದೈದು ನಿಮಿಷ ಏರಿಸು. ಏದುಸಿರು ಬಂದರೆ ನಿಂತು, ತುಟಿ ಮೊನಚು ಮಾಡಿ ಉದ್ದಕ್ಕೆ ಉಸಿರು ಬಿಡು. ಎದೆ ನೋವು ಬಂದರೆ, ಬೆರಳಿನ ಆಕ್ಸಿಮೀಟರ್ 90ಕ್ಕಿಂತ ಕೆಳಗೆ ತೋರಿಸಿದರೆ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡು. ಆಸ್ಪತ್ರೆಯ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿ ಎಷ್ಟು ಮೀಟರ್ ಹೋದೆ ಅಂತ ಅಳೆಯುವುದುಂಟು. ಈ ತಾಲೀಮು ಅಲ್ಲಿ ಕೈಹಿಡಿಯುತ್ತದೆ.

ಊಟದ ಪಟ್ಟಿ ಡಯಟಿಷಿಯನ್ ಕೊಟ್ಟಂತೆ. ತೂಕ ಒಂದಿಷ್ಟು ಇಳಿದರೂ ವಪೆಗೆ ಗೊತ್ತಾಗುತ್ತದೆ. ಕೊನೆಯ ಎರಡು ವಾರದ ಕಡಿಮೆ ಕ್ಯಾಲರಿ ಊಟ ಯಕೃತ್ತನ್ನು ಕುಗ್ಗಿಸಿ ಸರ್ಜನ್ನಿಗೆ ಜಾಗ ಮಾಡಿಕೊಡುತ್ತದೆ, ಅದನ್ನು ತಪ್ಪಿಸಬೇಡ. ಉಬ್ಬಸಕ್ಕೆ ಬರೆದುಕೊಟ್ಟ ಇನ್ಹೇಲರ್ ಚಟವಾಗುತ್ತದೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ.

ಶ್ವಾಸಕೋಶದ ಮರುಪರೀಕ್ಷೆಯಲ್ಲಿ ಮೂಗಿಗೆ ಕ್ಲಿಪ್ ಹಾಕಿ 'ಊದಿ, ಊದಿ, ಇನ್ನೂ ಊದಿ' ಅಂತ ಕೂಗುತ್ತಾರೆ. ಅಲ್ಲಿ ಸಂಕೋಚ ಬೇಡ, ಪೂರ್ತಿ ಊದು. ಅಂಕಿ ಸ್ವಲ್ಪವೇ ಏರಿದ್ದರೂ ಕುಗ್ಗಬೇಡ. ಸಿಗರೇಟು ಬಿಟ್ಟದ್ದು, ನಡಿಗೆ, ನಿದ್ದೆ ಎಲ್ಲವನ್ನೂ ಸೇರಿಸಿ ತೂಗುತ್ತಾರೆ. ದಿನದ ಲೆಕ್ಕ ಬರೆದಿಟ್ಟ ಪುಸ್ತಕ ತೋರಿಸು. ಅಡ್ಮಿಟ್ ಆಗುವ ದಿನ ಸಿಪ್ಯಾಪ್, ಇನ್ಹೇಲರ್, ಮೂರು ಚೆಂಡಿನ ಡಬ್ಬಿ ಬ್ಯಾಗಿನಲ್ಲಿರಲಿ, ಒಂದು ಸಣ್ಣ ದಿಂಬೂ ಇರಲಿ. ಆಪರೇಷನ್ ಆದ ಮೇಲೆ ಅದನ್ನು ಹೊಟ್ಟೆಗೆ ಒತ್ತಿಕೊಂಡು ಕೆಮ್ಮಿದರೆ ಹೊಲಿಗೆ ಅಷ್ಟು ನೋಯುವುದಿಲ್ಲ.