ಹುಂಜವಿಲ್ಲದ ಮನೆಯ ತತ್ತಿ: ಎರಡು ಬಾರಿ ಮಾಡಿದ ಒಂದು ವಿಜ್ಞಾನ ಪಾಠ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಬೋರಗಾಂವದ ಶಾಲೆಯೊಂದರ ಎಂಟನೆಯ ತರಗತಿ. ಘಟಕ: ಪ್ರಾಣಿಗಳಲ್ಲಿ ಸಂತಾನೋತ್ಪತ್ತಿ. ಬೋಧನಾಂಶ: ಅಂಡಜ ಪ್ರಾಣಿಗಳು. ಬೋಧನೋಪಕರಣ: ಒಂದು ಕೋಳಿಮೊಟ್ಟೆ.

ಪೀಠಿಕೆಯ ಪ್ರಶ್ನೆಗಳು ಸಲೀಸಾಗಿ ಮುಗಿದವು. ನಿರೂಪಣೆಯಲ್ಲಿ ಮೊಟ್ಟೆಯನ್ನು ಎತ್ತಿ ಹಿಡಿದು, ‘ಇದಕ್ಕೆ 21 ದಿನ ಕಾವು ಕೊಟ್ಟರೆ ಮರಿ ಹೊರಬರುತ್ತದೆ’ ಎಂದೆ. ಎರಡನೆಯ ಬೆಂಚಿನ ಹುಡುಗಿ ಎದ್ದು ನಿಂತಳು.

‘ಸರ್ರ, ನಮ್ಮ ಮನ್ಯಾಗ ಹುಂಜನ ಇಲ್ರಿ. ಆದ್ರೂ ಕೋಳಿ ತತ್ತಿ ಇಡ್ತಾವ್ರಿ. ಅವನ್ನ ಕಾವಿಗಿಟ್ರ ಮರಿ ಆಗೂದಿಲ್ಲಂತ ನಮ್ಮ ಆಯಿ ಅಂತಾಳ್ರಿ.’

ಆಯಿ ಹೇಳಿದ್ದೇ ಸರಿ. ಮೊಟ್ಟೆ ಇಡಲು ಕೋಳಿಗೆ ಹುಂಜ ಬೇಕಿಲ್ಲ, ಮರಿಯಾಗಲು ಬೇಕು. ‘ನಿಶೇಚನಗೊಂಡ’ ಎಂಬ ಒಂದು ಪದವನ್ನು ನಾನು ಬಿಟ್ಟಿದ್ದೆ. ಅಂಗಡಿಯಿಂದ ತಂದ ಫಾರ್ಮಿನ ಮೊಟ್ಟೆಯನ್ನೇ ಹಿಡಿದುಕೊಂಡು ಮರಿಯ ಮಾತಾಡಿದ್ದೆ! ‘ನಾಳೆ ನೋಡೋಣ’ ಎಂದು ಹೇಳಿ ಪಾಠ ಮುಗಿಸಿದೆ. ವೀಕ್ಷಣಾ ಹಾಳೆಯಲ್ಲಿ ಮೇಲ್ವಿಚಾರಕರು ‘ವಿಷಯದೋಷ’ ಎಂದು ಬರೆದರು.

ಸಂಜೆ ಆ ಹುಡುಗಿಯ ಮನೆಗೆ ಹೋದೆ. ಹಿತ್ತಲಲ್ಲಿ ನಾಲ್ಕು ಕೋಳಿ. ಜೋಳದ ನುಚ್ಚು, ಅಡುಗೆಮನೆಯ ಸೊಪ್ಪಿನ ಕಡ್ಡಿ, ಕೆದರಿ ತೆಗೆದ ಹುಳು ಅವುಗಳ ಮೇವು. ಆಯಿ ಒಡೆದ ಮೊಟ್ಟೆಯ ಚಿಪ್ಪನ್ನು ಒಣಗಿಸಿ, ಪುಡಿ ಮಾಡಿ ನುಚ್ಚಿಗೆ ಬೆರೆಸುತ್ತಾರೆ. ಚಿಪ್ಪು ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟ್. ಕೋಳಿಗೆ ಸುಣ್ಣದಂಶ ಕಡಿಮೆಯಾದರೆ ಮೊಟ್ಟೆಯ ಚಿಪ್ಪು ತೆಳ್ಳಗಾಗುತ್ತದೆ. ಆಯಿಗೆ ಆ ಹೆಸರು ಬೇಕಾಗಿಲ್ಲ. ನಾನಿರುವಾಗಲೇ ಒಂದು ಕೋಳಿ ಹುಲ್ಲಿನ ಬುಟ್ಟಿಯಿಂದ ಎದ್ದು ಕೊಕ್ಕೊಕ್ಕೋ ಎಂದು ಓಣಿಗೆಲ್ಲ ಸಾರಿತು. ಹುಡುಗಿ ಓಡಿಹೋಗಿ ತತ್ತಿ ತಂದು ನನ್ನ ಅಂಗೈಯಲ್ಲಿಟ್ಟಳು. ಅಷ್ಟು ಬಿಸಿಯಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವಳ ಮುಖದ ಹಿಗ್ಗನ್ನು ಯಾವ ಪಾಠಯೋಜನೆಯ ಕಾಲಮಿಗೆ ಹಾಕಲಿ?

ನೆರೆಮನೆಯಲ್ಲಿ ಹುಂಜವೂ ಇತ್ತು, ಕಾವಿಗೆ ಕೂತ ಕೋಳಿಯೂ ಇತ್ತು. ಒಂಬತ್ತನೆಯ ದಿನದ ಒಂದು ಮೊಟ್ಟೆಯನ್ನು ಆಯಿ ಮೆಲ್ಲಗೆ ತೆಗೆದರು. ಕತ್ತಲಲ್ಲಿ ಮೊಬೈಲ್ ಟಾರ್ಚಿನ ಮೇಲೆ ಹಿಡಿದಾಗ ಜೇಡರಬಲೆಯಂತೆ ಕೆಂಪು ರಕ್ತನಾಳಗಳು ಕಂಡವು. ಹುಡುಗಿಯ ಮನೆಯ ತತ್ತಿ ಹಿಡಿದರೆ ಬರೀ ತಿಳಿ ಬೆಳಕು. ಎರಡರ ಫೋಟೋ ತೆಗೆದುಕೊಂಡೆ.

ಮರುದಿನ ಆ ಫೋಟೋಗಳಿಂದಲೇ ಪಾಠ ಶುರುಮಾಡಿದೆ. ಬಳಿಕ ಎರಡು ಲೋಟ ನೀರು. ಹಿಂದಿನ ಸಂಜೆಯ ತತ್ತಿ ತಳದಲ್ಲಿ ಅಡ್ಡ ಮಲಗಿತು. ಅಂಗಡಿಯದು ನೆಟ್ಟಗೆ ನಿಂತಿತು. ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ತೇವ ಆರಿದಂತೆ ಒಳಗಿನ ಗಾಳಿಯ ಕೋಣೆ ದೊಡ್ಡದಾಗುತ್ತದೆಂದು ಮಕ್ಕಳೇ ಹೇಳುವವರೆಗೆ ಪ್ರಶ್ನೆ ಕೇಳಿದೆ.

ಜೈನ ಮನೆತನಗಳು ಹೆಚ್ಚಿರುವ ಭಾಗವಿದು. ಬಿಸಿಯೂಟದಲ್ಲಿ ಮೊಟ್ಟೆಯ ಬದಲು ಬಾಳೆಹಣ್ಣು ತೆಗೆದುಕೊಳ್ಳುವ ಮಕ್ಕಳು ಈ ತರಗತಿಯಲ್ಲೂ ಇದ್ದರು. ಹಾಗಾಗಿ ಮೊಟ್ಟೆ ಒಡೆಯಲಿಲ್ಲ, ಮುಟ್ಟಲು ಯಾರಿಗೂ ಹೇಳಲಿಲ್ಲ. ಅವರಲ್ಲೊಬ್ಬ ಕೇಳಿದ: ‘ಸರ್ರ, ಹುಂಜ ಇಲ್ಲದ ತತ್ತಿಯೊಳಗ ಮರಿ ಇಲ್ಲಂದ್ರ, ಅದನ್ನ ನಾವು ತಿನ್ನಬಹುದೇನ್ರಿ?’

ತರಗತಿ ಗಪ್ಪಾಯಿತು. ಮೇಲ್ವಿಚಾರಕರೂ ಪೆನ್ನು ನಿಲ್ಲಿಸಿದರು. ‘ಅದರೊಳಗೆ ಭ್ರೂಣ ಬೆಳೆಯುವುದಿಲ್ಲ, ಇಷ್ಟನ್ನು ವಿಜ್ಞಾನ ಹೇಳುತ್ತದೆ. ತಿನ್ನಬೇಕೋ ಬೇಡವೋ ಎಂಬುದನ್ನು ವಿಜ್ಞಾನದ ಮಾಸ್ತರ ಹೇಳುವುದಲ್ಲ, ನಿಮ್ಮ ಮನೆಯಲ್ಲಿ ಮಾತಾಡು’ ಎಂದೆ. ನುಣುಚಿಕೊಂಡೆನೇ ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಮೇಲ್ವಿಚಾರಕರು ಅದಕ್ಕೆ ಏನೂ ಬರೆಯಲಿಲ್ಲ.

ಗೃಹಪಾಠದಲ್ಲಿ ಆ ಹುಡುಗ ಎರಡೂ ಮೊಟ್ಟೆಗಳ ಚಿತ್ರ ಬರೆದಿದ್ದ. ರಕ್ತನಾಳಗಳನ್ನು ಕೆಂಪು ಪೆನ್ಸಿಲಿನಲ್ಲಿ ಬಹಳ ಜತನದಿಂದ ತಿದ್ದಿದ್ದ.